ಹೆಸರಿನ ಒಂದಕ್ಷರ: ತಿದ್ದುವ ದಾರಿ, ತಗಲುವ ಖರ್ಚು

(ಸಂಘದ ವಾರ್ಷಿಕ ಸಭೆಯಲ್ಲಿ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಂತಹ ಸಭೆಗಳಲ್ಲಿ ವಿದ್ಯೆಯ ಮಹತ್ವದ ಬಗ್ಗೆ ಮಾತಾಡುವುದು ರೂಢಿ. ಆ ಮಾತನ್ನು ನನಗಿಂತ ಚೆನ್ನಾಗಿ ಆಡುವವರು ಈ ವೇದಿಕೆಯಲ್ಲೇ ಇದ್ದಾರೆ. ನಾನು ಒಂದು ಸಣ್ಣ ವಿಷಯವನ್ನು ಆಯ್ದುಕೊಂಡಿದ್ದೇನೆ. ಅದು ನಿಮ್ಮ ಹೆಸರು. ಇವತ್ತು ಬಹುಮಾನ ಪಡೆದ ಮಕ್ಕಳ ಕೈಯಲ್ಲಿ ಅಂಕಪಟ್ಟಿ ಇದೆ. ಅದರಲ್ಲಿ ಅಂಕ ಎಷ್ಟಿದೆ ಎಂದು ನೀವೆಲ್ಲ ನೋಡಿದ್ದೀರಿ. ಹೆಸರು ಹೇಗಿದೆ ಎಂದು ಎಷ್ಟು ಮಂದಿ ನೋಡಿದ್ದೀರಿ? ಮನೆಗೆ ಹೋದ ಮೇಲೆ ಆಧಾರ್ ಕಾರ್ಡನ್ನೂ ಜನನ ಪ್ರಮಾಣಪತ್ರವನ್ನೂ ಅದರ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಓದಿ ನೋಡಿ.

ಈ ವಿಷಯವನ್ನೇ ಆರಿಸಿಕೊಳ್ಳಲು ಒಂದು ಕಾರಣವಿದೆ. ಅದನ್ನು ಹೇಳಿಯೇ ಮುಂದೆ ಹೋಗುತ್ತೇನೆ.

1994ರ ಜೂನ್ ತಿಂಗಳು. ನಾನಾಗ ಸಹಶಿಕ್ಷಕ. ಒಂದನೇ ತರಗತಿಯ ದಾಖಲಾತಿ ನಡೆಯುತ್ತಿತ್ತು. ಹೊರಗೆ ಮಳೆ, ಒಳಗೆ ತಾಯಂದಿರ ಸಾಲು. ಗಂಡಸರು ಹೆಚ್ಚಿನವರು ಬೊಂಬಾಯಿಯಲ್ಲೋ ಗಲ್ಫಿನಲ್ಲೋ. ಒಬ್ಬ ಉಮ್ಮ ಮಗಳನ್ನು ಮುಂದೆ ನಿಲ್ಲಿಸಿದರು. "ಹೆಸರೇನು?" ಎಂದೆ. "ಪಾತುಮ್ಮ" ಎಂದರು. ನಾನು ಹಾಗೆಯೇ ಬರೆದೆ. ಜನನದ ಚೀಟಿ ಇದೆಯೇ, ಪೂರ್ಣ ಹೆಸರೇನು ಎಂದು ಕೇಳಲಿಲ್ಲ. ಸಾಲು ಉದ್ದವಿತ್ತು, ಅಷ್ಟೆ. ಆ ಮಗುವಿಗೆ ಅಕೀಕದ ದಿನ ಇಟ್ಟ ಹೆಸರು ಫಾತಿಮತ್ ಝುಹರಾ. ಪಂಚಾಯತಿಯ ಜನನ ದಾಖಲೆಯಲ್ಲಿಯೂ ಅದೇ ಇತ್ತು. ಪಾತುಮ್ಮ ಎಂಬುದು ಮನೆಯಲ್ಲಿ ಕರೆಯುವ ಹೆಸರು.

ಅವಳು ಚೆನ್ನಾಗಿ ಓದಿದಳು. ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ, ಬಿ.ಎಡ್. ಎಲ್ಲದರಲ್ಲೂ ಪಾತುಮ್ಮ. ಮದುವೆಯ ದಾಖಲೆ, ಪಾಸ್‌ಪೋರ್ಟು, ಮಗುವಿನ ಜನನ ಪ್ರಮಾಣಪತ್ರ, ಇವುಗಳಲ್ಲಿ ಫಾತಿಮತ್ ಝುಹರಾ. 2011ರಲ್ಲಿ ಗಂಡ ಕೆಲಸ ಮಾಡುವ ಊರಿನಲ್ಲಿ ಶಾಲೆಯೊಂದು ಅವಳಿಗೆ ಶಿಕ್ಷಕಿಯ ಕೆಲಸ ಕೊಡಲು ಒಪ್ಪಿತು. ಪ್ರಮಾಣಪತ್ರಗಳನ್ನು ಪರಿಶೀಲಿಸುವಾಗ, ಪಾಸ್‌ಪೋರ್ಟಿನಲ್ಲಿರುವವಳೂ ಪದವಿ ಪಡೆದವಳೂ ಒಬ್ಬಳೇ ಎಂಬುದಕ್ಕೆ ಸಾಕ್ಷಿ ಕೇಳಿದರು. ಕೊಟ್ಟ ಗಡುವಿನೊಳಗೆ ಅದು ಆಗಲಿಲ್ಲ. ಕೆಲಸ ಕೈತಪ್ಪಿತು.

ಅವಳು ಒಂದು ಫೈಲು ಹಿಡಿದು ನನ್ನ ಮನೆಗೆ ಬಂದಳು. "ಮಾಸ್ಟ್ರೇ, ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದವರು ಯಾರು ಅಂತ ಗೊತ್ತಾಗ್ತದಾ?" ಎಂದು ಕೇಳಿದಳು. ನನಗೆ ಗೊತ್ತಿತ್ತು. ಆ ಅಕ್ಷರ ನನ್ನದೇ. ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಉಮ್ಮ ಹೇಳಿದ್ದೂ ಅದನ್ನೇ ಅಲ್ವಾ ಮಾಸ್ಟ್ರೇ" ಎಂದಳು. ಬೈದಿದ್ದರೆ ನನಗೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲವೇನೋ. ಅವಳ ಜೊತೆ ಕಚೇರಿಗಳಿಗೆ, ವಕೀಲರ ಬಳಿಗೆ ತಿರುಗಾಡಿ ನಾನು ಕಲಿತದ್ದನ್ನೂ, ಆಮೇಲೆ ಬದಲಾದ ನಿಯಮಗಳನ್ನೂ ಇವತ್ತು ನಿಮ್ಮ ಮುಂದಿಡುತ್ತೇನೆ.

ತಿದ್ದುಪಡಿ ಬೇರೆ, ಬದಲಾವಣೆ ಬೇರೆ

ಮೊದಲು ತಿಳಿಯಬೇಕಾದದ್ದು ಇದು. ಕಾಗುಣಿತ ತಪ್ಪಿದ್ದರೆ, ಒಂದಕ್ಷರ ಬಿಟ್ಟುಹೋಗಿದ್ದರೆ ಅದನ್ನು ಸರಿಪಡಿಸುವುದು ತಿದ್ದುಪಡಿ. ಒಂದು ಹೆಸರನ್ನು ಬಿಟ್ಟು ಬೇರೆ ಹೆಸರನ್ನು ಪಡೆಯುವುದು ಬದಲಾವಣೆ. ನಮ್ಮ ಜನರಲ್ಲಿ ಬಹುಪಾಲು ತೊಂದರೆ ಮೊದಲನೆಯ ಬಗೆಯದು. ಮುಹಮ್ಮದ್ ಎಂಬ ಒಂದು ಹೆಸರನ್ನು ಇಂಗ್ಲಿಷಿನಲ್ಲಿ ಎಷ್ಟು ಬಗೆಯಲ್ಲಿ ಬರೆಯುತ್ತಾರೆ ನೋಡಿ. ಎಂ ಆದ ಮೇಲೆ ಓ ಬರೆಯುವವರಿದ್ದಾರೆ, ಯು ಬರೆಯುವವರಿದ್ದಾರೆ, ಕೊನೆಗೆ ಎ-ಡಿ, ಇ-ಡಿ, ಇನ್ನು ಕೆಲವರಿಗೆ ಬರೇ ಎಂ-ಡಿ. ಮೊಯ್ದಿನ್, ಮೊಯಿದೀನ್, ಮೊಹಿದ್ದೀನ್ ಮೂವರೂ ಒಬ್ಬರೇ. ಐಸಮ್ಮ ಮತ್ತು ಆಯಿಶಾ ಒಬ್ಬರೇ. ಇದರ ಮೇಲೆ ಮನೆತನದ ಹೆಸರು, ತಂದೆಯ ಹೆಸರು, ಊರಿನ ಹೆಸರುಗಳ ಇನಿಷಿಯಲ್ಲುಗಳು ಬೇರೆ. ಒಂದು ದಾಖಲೆಯಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಪಾಸ್‌ಪೋರ್ಟಿನ ಅರ್ಜಿಯಲ್ಲಂತೂ ಇನಿಷಿಯಲ್ಲಿಗೆ ಜಾಗವೇ ಇಲ್ಲ, ಬಿಡಿಸಿಯೇ ಬರೆಯಬೇಕು.

ತಿದ್ದುಪಡಿಗೆ ಗೆಜೆಟ್ ಬೇಕಾಗಿಲ್ಲ. ಆಧಾರಿನಲ್ಲಿ ಒಂದಕ್ಷರ ತಪ್ಪಿದ್ದರೆ ಸರಿಯಾದ ಹೆಸರಿರುವ ಮಾನ್ಯ ದಾಖಲೆಯೊಂದನ್ನು ತೋರಿಸಿದರೆ ಸಾಕು. ಅಂಕಪಟ್ಟಿಯಲ್ಲಿ ತಪ್ಪಾಗಿ ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಸರಿ ಇದ್ದರೆ, ಮುಖ್ಯೋಪಾಧ್ಯಾಯರ ಮೂಲಕ ಮಂಡಳಿಗೆ ಅರ್ಜಿ ಕಳಿಸಿ ತಿದ್ದಿಸಬಹುದು. ರಿಜಿಸ್ಟರಿನಲ್ಲಿಯೇ ಬೇರೆ ಇದ್ದರೆ ಕಷ್ಟ. ಪಾತುಮ್ಮಳ ಕಷ್ಟ ಅದೇ.

ವಯಸ್ಸಿನ ಜೊತೆ ಬೆಳೆಯುವ ಖರ್ಚು

ಹೆಸರು ಸರಿಪಡಿಸುವ ಖರ್ಚು ಮನುಷ್ಯನ ವಯಸ್ಸಿನ ಜೊತೆ ಬೆಳೆಯುತ್ತದೆ. ಮಗು ಹುಟ್ಟಿದ 21 ದಿನಗಳೊಳಗೆ ಜನನ ನೋಂದಣಿಗೆ ಶುಲ್ಕವಿಲ್ಲ. ಹೆಸರು ಇನ್ನೂ ಇಟ್ಟಿಲ್ಲವೆಂದು ಹಾಗೆಯೇ ನೋಂದಾಯಿಸಿದ್ದರೆ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಮೇಲೆ 15 ವರ್ಷದವರೆಗೂ ಸ್ವಲ್ಪ ತಡ ಶುಲ್ಕ ಕೊಟ್ಟು ಸೇರಿಸಬಹುದು. ಎಷ್ಟೋ ಮನೆಗಳಲ್ಲಿ ಆಸ್ಪತ್ರೆಯಿಂದ ಬಂದ, ಹೆಸರಿಲ್ಲದ ಜನನ ಪ್ರಮಾಣಪತ್ರ ಹಾಗೆಯೇ ಪೆಟ್ಟಿಗೆಯಲ್ಲಿ ಬಿದ್ದಿರುತ್ತದೆ. ದಯವಿಟ್ಟು ಇವತ್ತೇ ತೆಗೆದು ನೋಡಿ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನ ಮತ್ತು ಆನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಮತದಾರರ ಪಟ್ಟಿ, ಚಾಲನಾ ಪರವಾನಗಿ, ವಿವಾಹ ನೋಂದಣಿ, ಸರಕಾರಿ ಕೆಲಸ ಇವಕ್ಕೆಲ್ಲ ಹುಟ್ಟಿದ ದಿನ ಮತ್ತು ಸ್ಥಳದ ಸಾಕ್ಷಿ ಜನನ ಪ್ರಮಾಣಪತ್ರವೇ. ಅದರಲ್ಲಿ ತಪ್ಪಾದರೆ ಆ ತಪ್ಪು ಮಗುವಿನ ಜೊತೆ ಬದುಕಿಡೀ ನಡೆಯುತ್ತದೆ.

ಜನನ ದಾಖಲೆಯಲ್ಲಿ ಒಮ್ಮೆ ಬರೆದ ಹೆಸರನ್ನು ಪೂರ್ತಿ ಬದಲಿಸಲು ನಮ್ಮ ರಾಜ್ಯದಲ್ಲಿ ಸ್ಪಷ್ಟ ನಿಯಮವಿರಲಿಲ್ಲ. 2025ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಮಗುವಿನ ಪ್ರಕರಣದಲ್ಲಿ ಈ ಕೊರತೆಯನ್ನು ಎತ್ತಿ ತೋರಿಸಿತು. ಕಾನೂನು ತಿದ್ದುಪಡಿಯಾಗುವವರೆಗೆ ತಂದೆತಾಯಿಯ ಅಫಿಡವಿಟ್ ಪಡೆದು, ಅವರ ಗುರುತನ್ನು ಪರಿಶೀಲಿಸಿ, ಹಳೆಯ ಹೆಸರೂ ಹೊಸ ಹೆಸರೂ ಕಾಣುವಂತೆ ನಮೂದಿಸಬೇಕೆಂದು ಹೇಳಿತು. ಕಚೇರಿಯಲ್ಲಿ "ಆಗುವುದಿಲ್ಲ" ಎಂದರೆ ಈ ತೀರ್ಪನ್ನು ನೆನಪಿಸಿ.

ಮುಂದಿನ ಮೆಟ್ಟಿಲು ಶಾಲೆ. ಹತ್ತನೇ ತರಗತಿಯ ಪರೀಕ್ಷೆಗೆ ಹೆಸರು ಕಳಿಸುವ ಮೊದಲು ಸರಿ ನೋಡಲು ಅವಕಾಶವಿರುತ್ತದೆ. ಅಲ್ಲಿಯವರೆಗೆ ಒಂದು ಅರ್ಜಿ, ಒಂದು ಜನನ ಪ್ರಮಾಣಪತ್ರದ ಪ್ರತಿ, ಮುಖ್ಯೋಪಾಧ್ಯಾಯರ ಜೊತೆ ಹತ್ತು ನಿಮಿಷ. ಇಷ್ಟರಲ್ಲಿ ಮುಗಿಯುವ ಕೆಲಸಕ್ಕೆ ಅಂಕಪಟ್ಟಿ ಕೈಗೆ ಬಂದ ಮೇಲೆ ಅಲೆದಾಟ ಶುರುವಾಗುತ್ತದೆ. ನಿಮ್ಮ ಹೆಸರಿನಷ್ಟೇ ಮುಖ್ಯವಾಗಿ ತಂದೆ ಮತ್ತು ತಾಯಿಯ ಹೆಸರನ್ನೂ ನೋಡಿ. ಅವು ಅವರ ಆಧಾರಿನಲ್ಲಿ ಇರುವಂತೆಯೇ ಇರಲಿ.

ನಿಜವಾಗಿಯೂ ಹೆಸರು ಬದಲಿಸಬೇಕಾದಾಗ

ನಮ್ಮ ದೇಶದಲ್ಲಿ ಸಾಮಾನ್ಯ ನಾಗರಿಕರ ಹೆಸರು ಬದಲಾವಣೆಗೆಂದೇ ಪ್ರತ್ಯೇಕ ಕಾಯಿದೆ ಇಲ್ಲ. ರೂಢಿಯಾಗಿ ಬಂದಿರುವುದು ಮೂರು ಹಂತ: ಅಫಿಡವಿಟ್, ಪತ್ರಿಕಾ ಪ್ರಕಟಣೆ, ಗೆಜೆಟ್.

ಮೊದಲನೆಯದು ಅಫಿಡವಿಟ್. ಹಳೆಯ ಹೆಸರು, ಹೊಸ ಹೆಸರು, ತಂದೆಯ ಅಥವಾ ಗಂಡನ ಹೆಸರು, ವಿಳಾಸ ಮತ್ತು ಬದಲಾವಣೆಯ ಕಾರಣವನ್ನು ಬರೆದು ನೋಟರಿಯ ಮುಂದೆ ಪ್ರಮಾಣ ಮಾಡಿ ಸಹಿ ಹಾಕಬೇಕು. ಕರ್ನಾಟಕದಲ್ಲಿ ಅಫಿಡವಿಟ್‌ನ ಮುದ್ರಾಂಕ ಶುಲ್ಕ 20 ರೂಪಾಯಿ ಇತ್ತು, 2024ರಿಂದ 100 ರೂಪಾಯಿ. ನೋಟರಿಯ ಶುಲ್ಕ ಬೇರೆ.

ಎರಡನೆಯದು ಪತ್ರಿಕಾ ಪ್ರಕಟಣೆ. ಸಾಮಾನ್ಯವಾಗಿ ಒಂದು ಕನ್ನಡ ಪತ್ರಿಕೆ, ಒಂದು ಇಂಗ್ಲಿಷ್ ಪತ್ರಿಕೆ. ವರ್ಗೀಕೃತ ಜಾಹೀರಾತಿನ ದರ ಪತ್ರಿಕೆಯಿಂದ ಪತ್ರಿಕೆಗೆ ಬೇರೆ, ಪದಗಳ ಲೆಕ್ಕದಲ್ಲಿರುತ್ತದೆ. ಆದುದರಿಂದ ಚುಟುಕಾಗಿ ಬರೆಯಿರಿ. ಒಂದು ಎಚ್ಚರಿಕೆ: ಕನ್ನಡದಲ್ಲಿ ಮುಹಮ್ಮದ್ ಎಂದು ಅಚ್ಚಾದರೆ ಇಂಗ್ಲಿಷ್ ಕಾಗುಣಿತ ಯಾವುದೆಂದು ಯಾರಿಗೂ ತಿಳಿಯುವುದಿಲ್ಲ. ಕನ್ನಡ ಜಾಹೀರಾತಿನಲ್ಲಿಯೂ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರನ್ನು ಹಾಕಿಸಿ. ಪತ್ರಿಕೆಯ ಮೂಲ ಪ್ರತಿಗಳನ್ನು ಪೂರ್ತಿ ಪುಟದೊಂದಿಗೆ ತೆಗೆದಿಡಿ.

ಮೂರನೆಯದು ಗೆಜೆಟ್. ಕೇಂದ್ರ ಸರಕಾರದ ಗೆಜೆಟ್ ಎಲ್ಲ ರಾಜ್ಯದವರಿಗೂ ತೆರೆದಿದೆ. ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆಗೆ ಅರ್ಜಿ ಹೋಗಬೇಕು. ನಿಗದಿತ ನಮೂನೆ, ಅದರ ಮೇಲೆ ಇಬ್ಬರು ಸಾಕ್ಷಿಗಳ ಸಹಿ, ಅಫಿಡವಿಟ್, ಪತ್ರಿಕೆಯ ಮೂಲ ಪ್ರತಿ, ಗುರುತಿನ ಚೀಟಿಯ ಪ್ರತಿ, ಎರಡು ಭಾವಚಿತ್ರ, ಟೈಪ್ ಮಾಡಿದ ಪ್ರತಿಯಿರುವ ಸಿ.ಡಿ. ಇವನ್ನು ಕೇಳುತ್ತಾರೆ. ವಯಸ್ಕರಿಗೆ ಶುಲ್ಕ 1,100 ರೂಪಾಯಿ. ಕಳಿಸುವ ಮೊದಲು ಇಲಾಖೆಯ ಆಗಿನ ನಮೂನೆಯನ್ನೂ ದರವನ್ನೂ ಒಮ್ಮೆ ನೋಡಿಕೊಳ್ಳಿ. ಗೆಜೆಟ್‌ನ ನಾಲ್ಕನೇ ಭಾಗದಲ್ಲಿ ಪ್ರಕಟವಾದದ್ದನ್ನು ಸರಕಾರದ ಇ-ಗೆಜೆಟ್ ತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಅದರ ದಿನಾಂಕವನ್ನು ಬರೆದಿಡಿ.

ಒಂದು ಮಾತು ನೆನಪಿರಲಿ. ಗೆಜೆಟ್‌ನಲ್ಲಿ ಬಂದ ಮಾತ್ರಕ್ಕೆ ಉಳಿದ ದಾಖಲೆಗಳು ತಾವಾಗಿ ಬದಲಾಗುವುದಿಲ್ಲ. ಅದೊಂದು ಬೀಗದ ಕೈ. ಬಾಗಿಲುಗಳನ್ನು ಒಂದೊಂದಾಗಿ ನೀವೇ ತೆರೆಯಬೇಕು. ಮೊದಲು ಆಧಾರ್. 2025ರ ಅಕ್ಟೋಬರಿನಿಂದ ಹೆಸರಿನಂತಹ ವಿವರ ಬದಲಿಸುವ ಶುಲ್ಕ 75 ರೂಪಾಯಿ. ಆಧಾರಿನಲ್ಲಿ ಹೆಸರು ಬದಲಿಸಲು ಬದುಕಿನಲ್ಲಿ ಎರಡೇ ಅವಕಾಶ. ಸೇವಾ ಕೇಂದ್ರದಲ್ಲಿ ಅವಸರದಿಂದ ತಪ್ಪು ಕಾಗುಣಿತ ಕೊಟ್ಟು ಒಂದು ಅವಕಾಶ ಕಳೆದುಕೊಂಡವರನ್ನು ನಾನು ಕಂಡಿದ್ದೇನೆ. ಪರದೆಯ ಮೇಲೆ ಓದಿ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ. ಆಮೇಲೆ ಪ್ಯಾನ್ ಕಾರ್ಡು, ಸುಮಾರು ನೂರು ರೂಪಾಯಿ. ನಂತರ ಬ್ಯಾಂಕು. ಮತದಾರರ ಪಟ್ಟಿಗೆ 8ನೇ ನಮೂನೆ, ಶುಲ್ಕವಿಲ್ಲ. ಪಾಸ್‌ಪೋರ್ಟಿದ್ದರೆ ಮರುವಿತರಣೆ, 36 ಪುಟದ್ದಕ್ಕೆ 1,500 ರೂಪಾಯಿ.

ಕೂಡಿಸಿ ನೋಡಿ. ಮುದ್ರಾಂಕ 100, ಗೆಜೆಟ್ 1,100, ಆಧಾರ್ 75, ಪ್ಯಾನ್ ಸುಮಾರು 100, ಪಾಸ್‌ಪೋರ್ಟ್ 1,500. ಸರಕಾರಕ್ಕೆ ಹೋಗುವುದು ಸುಮಾರು 2,900 ರೂಪಾಯಿ. ನೋಟರಿ ಮತ್ತು ಜಾಹೀರಾತಿನ ಖರ್ಚು ಇದರ ಮೇಲೆ. ಮಧ್ಯವರ್ತಿ ಇದರ ಹಲವು ಪಟ್ಟು ಕೇಳಿದರೆ ಉಳಿದ ಹಣ ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ಹಕ್ಕು ನಿಮಗಿದೆ. "ಎಲ್ಲ ನಾನು ಮಾಡಿಸಿಕೊಡುತ್ತೇನೆ, ನೀವು ಸಹಿ ಮಾತ್ರ ಹಾಕಿ" ಎನ್ನುವವರ ಕೈಗೆ ಮೂಲ ದಾಖಲೆಗಳನ್ನು ಕೊಡಬೇಡಿ. ಸುಳ್ಳು ದಾಖಲೆ ಹುಟ್ಟಿಕೊಂಡರೆ ಅದರ ಫಲ ಉಣ್ಣುವವರು ಸಹಿ ಹಾಕಿದವರೇ.

ಅಂಕಪಟ್ಟಿ ಮತ್ತು ನ್ಯಾಯಾಲಯ

ಎಲ್ಲಕ್ಕಿಂತ ಗಟ್ಟಿಯಾದ ಬಾಗಿಲು ಅಂಕಪಟ್ಟಿ. 2021ರ ಜೂನ್ 3ರಂದು ಸುಪ್ರೀಂ ಕೋರ್ಟು ಸಿಬಿಎಸ್‌ಇಗೆ ಸಂಬಂಧಿಸಿದ ಪ್ರಕರಣಗಳಲ್ಲಿ ಮಹತ್ವದ ತೀರ್ಪು ಕೊಟ್ಟಿತು. ತನ್ನ ಹೆಸರಿನ ಮೇಲೆ ವ್ಯಕ್ತಿಗಿರುವ ಹತೋಟಿ ಸಂವಿಧಾನದ 19(1)(ಎ) ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೆಂದು ಅದು ಹೇಳಿತು. ಶಾಲಾ ದಾಖಲೆಗೆ ಹೊಂದುವಂತೆ ಪ್ರಮಾಣಪತ್ರವನ್ನು ತಿದ್ದಲು ಮಂಡಳಿ ಅಡ್ಡಿ ಮಾಡಬಾರದು, ಜನನ ಪ್ರಮಾಣಪತ್ರ, ಆಧಾರ್, ಪಾಸ್‌ಪೋರ್ಟಿನಂತಹ ಸಾರ್ವಜನಿಕ ದಾಖಲೆಗಳ ಬಲವಿದ್ದರೆ ಬದಲಾವಣೆಯ ಅರ್ಜಿಯನ್ನೂ ಪರಿಗಣಿಸಬೇಕು, ಹಾಗಲ್ಲದೆ ತನ್ನ ಇಷ್ಟದ ಹೆಸರನ್ನು ಪಡೆಯುವವರು ನ್ಯಾಯಾಲಯದ ಆದೇಶ ಮತ್ತು ಗೆಜೆಟ್ ಪ್ರಕಟಣೆಯೊಂದಿಗೆ ಬರಬಹುದು ಎಂಬುದು ತೀರ್ಪಿನ ಸಾರ.

ಮಂಡಳಿ ಒಪ್ಪದಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣಾ ದಾವೆ ಹೂಡಬೇಕಾಗುತ್ತದೆ. ಇಲ್ಲಿ ಹಣಕ್ಕಿಂತ ಹೆಚ್ಚಾಗಿ ಖರ್ಚಾಗುವುದು ಕಾಲ. ಆದರೆ ಹಣವಿಲ್ಲವೆಂದು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ ಪ್ರಕಾರ ಮಹಿಳೆಯರಿಗೆ ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ತಾಲೂಕು ನ್ಯಾಯಾಲಯದಲ್ಲಿಯೇ ಅದರ ಸಮಿತಿ ಇದೆ.

ಬದಲಿಸಬೇಕಾಗಿಲ್ಲದವರಿಗೆ

ಈಗ ಬದಲಿಸಬೇಕಾಗಿಲ್ಲದವರಿಗೆ ನಾಲ್ಕು ಮಾತು. ನಿಕಾಹ್ ಆದ ಕೂಡಲೇ ಹೆಣ್ಣುಮಕ್ಕಳು ಗಂಡನ ಹೆಸರನ್ನು ಸೇರಿಸಲು ಓಡುತ್ತಾರೆ. ಹಾಗೆ ಮಾಡಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ನಮ್ಮ ಧರ್ಮವೂ ಹೇಳುವುದಿಲ್ಲ. ಆಯಿಶಾ(ರ)ರವರನ್ನು ಇವತ್ತಿಗೂ ನಾವು ಅಬೂಬಕರ್(ರ)ರ ಮಗಳೆಂದೇ ಕರೆಯುತ್ತೇವೆ. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು ಹೆಸರು ಮಾಡಿಕೊಂಡು ಆಮೇಲೆ ಕೆಲಸಕ್ಕೆ ಅರ್ಜಿ ಹಾಕುವಾಗ ಪರದಾಡುವುದಕ್ಕಿಂತ ಇದ್ದ ಹೆಸರನ್ನೇ ಇಟ್ಟುಕೊಳ್ಳುವುದು ಲೇಸು. ಹಾಗೆಂದು ಹೆಸರು ಬದಲಿಸುವುದೇ ತಪ್ಪೆಂದೂ ತಿಳಿಯಬೇಡಿ. ಅರ್ಥ ಒಳ್ಳೆಯದಲ್ಲದ ಹೆಸರುಗಳನ್ನು ಪ್ರವಾದಿ(ಸ)ಯವರು ಬದಲಿಸಿದ ನಿದರ್ಶನಗಳು ಹದೀಸ್‌ಗಳಲ್ಲಿವೆ.

ಗಲ್ಫಿಗೆ ಹೋಗುವವರು ಇನ್ನೊಂದು ವಿಷಯ ಗಮನಿಸಿ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಪದದ ಹೆಸರಿರುವ ಸಂದರ್ಶಕರನ್ನು ಒಳಬಿಡುವುದಿಲ್ಲ ಎಂದಿತು. ಆಮೇಲೆ, ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಒಪ್ಪುವುದಾಗಿ ತಿಳಿಸಿತು. ಮಕ್ಕಳಿಗೆ ಹೆಸರಿಡುವಾಗಲೇ ಎರಡು ಪದ ಇರಲಿ.

ಇನ್ನು ಕೆಲವರಿಗೆ ಒಂದಕ್ಷರ ವ್ಯತ್ಯಾಸ ಕಂಡರೆ ಸಾಕು, ಎದೆ ನಡುಗುತ್ತದೆ. ಆ ಭಯಕ್ಕೆ ಕಾರಣವಿಲ್ಲ ಎನ್ನಲಾರೆ. ಅಸ್ಸಾಮಿನ ಒಬ್ಬ ವ್ಯಕ್ತಿಯನ್ನು 2012ರಲ್ಲಿ ವಿದೇಶಿಯರ ನ್ಯಾಯಮಂಡಳಿ ವಿದೇಶಿಯೆಂದು ಸಾರಿತ್ತು. 2024ರ ಜುಲೈ 11ರಂದು ಸುಪ್ರೀಂ ಕೋರ್ಟು ಆತ ಭಾರತೀಯನೇ ಎಂದು ತೀರ್ಪಿತ್ತಿತು. ದಾಖಲೆಗಳಲ್ಲಿ ಹೆಸರಿನ ಕಾಗುಣಿತ ಮತ್ತು ದಿನಾಂಕದ ಸಣ್ಣ ವ್ಯತ್ಯಾಸಗಳು ದೇಶದೆಲ್ಲೆಡೆ ಇರುವಂಥವು, ಅಷ್ಟರಿಂದಲೇ ಒಬ್ಬನ ವಿರುದ್ಧ ತೀರ್ಮಾನಿಸಲಾಗದು ಎಂದಿತು. ಆ ತೀರ್ಪು ಬರುವಾಗ ಆತ ಬದುಕಿರಲಿಲ್ಲ. ನ್ಯಾಯ ಸಿಗುತ್ತದೆ, ಆದರೆ ತಡವಾಗುತ್ತದೆ ಎಂಬುದೇ ಇದರ ಪಾಠ. ಆದುದರಿಂದ ಭಯಪಟ್ಟು ದಲ್ಲಾಳಿಗಳ ಬಾಗಿಲಿಗೆ ಹೋಗುವುದೂ ಬೇಡ, ಅಸಡ್ಡೆಯೂ ಬೇಡ. ತಿದ್ದಲು ಅತಿ ಕಷ್ಟವಾದ ದಾಖಲೆ ಯಾವುದೋ, ಅಂದರೆ ಸಾಮಾನ್ಯವಾಗಿ ಅಂಕಪಟ್ಟಿ, ಅದನ್ನು ಅಳತೆಗೋಲಾಗಿ ಇಟ್ಟುಕೊಂಡು ಸುಲಭವಾದವುಗಳನ್ನು ಅದಕ್ಕೆ ಹೊಂದಿಸಿ. ಆಧಾರ್, ಪ್ಯಾನ್, ಮತದಾರರ ಚೀಟಿ ಇವೆಲ್ಲ ಸುಲಭದವು.

ಪಾತುಮ್ಮಳಿಗೂ ವಕೀಲರು ಇದನ್ನೇ ಹೇಳಿದ್ದರು. "ಪಾಸ್‌ಪೋರ್ಟನ್ನು ಪಾತುಮ್ಮ ಎಂದು ಮಾಡಿಸಿಬಿಡಮ್ಮ, ಬೇಗ ಮುಗಿಯುತ್ತದೆ" ಎಂದು. ಅವಳು ಒಪ್ಪಲಿಲ್ಲ. "ಬಾಪ ಇಟ್ಟ ಹೆಸರು ಸರ್, ಅವರೀಗ ಇಲ್ಲ" ಎಂದಳು. ನಾನು ತಲೆ ತಗ್ಗಿಸಿದೆ. ಸುಲಭದ ದಾರಿ ಎಲ್ಲರ ದಾರಿಯಲ್ಲ ಎಂದು ಆಗ ನನಗೆ ಅರ್ಥವಾಯಿತು. ಅವಳು ದಾವೆ ಹೂಡಿದಳು, ನಾನು ಸಾಕ್ಷಿ ಹೇಳಿದೆ, ರಿಜಿಸ್ಟರಿನಲ್ಲಿರುವುದು ನನ್ನ ಕೈಬರಹ, ತಪ್ಪು ನನ್ನದೆಂದು. ಅಂಕಪಟ್ಟಿಯಲ್ಲಿ ಅವಳ ಹೆಸರು ಬಂತು. ಹೋದ ಕೆಲಸ ಮಾತ್ರ ಮರಳಿ ಬರಲಿಲ್ಲ.

ಸಂಘದ ಮುಂದೆ ನನ್ನದೊಂದು ಬಿನ್ನಹ. ನಾವು ವಿದ್ಯಾರ್ಥಿವೇತನ ಕೊಡುತ್ತೇವೆ, ಪುಸ್ತಕ ಕೊಡುತ್ತೇವೆ, ಒಳ್ಳೆಯದು. ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎರಡು ಭಾನುವಾರ ಒಂದು ಮೇಜು ಹಾಕಿ ಕುಳಿತುಕೊಳ್ಳೋಣ. ಎಂಟನೇ ಮತ್ತು ಒಂಬತ್ತನೇ ತರಗತಿಯ ಮಕ್ಕಳು ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆ ಈ ಮೂರನ್ನು ತರಲಿ. ಕಾಲೇಜು ಓದುವ ನಮ್ಮ ಮಕ್ಕಳು ಅಕ್ಷರ ಅಕ್ಷರ ಹೋಲಿಸಿ ನೋಡಲಿ. ವ್ಯತ್ಯಾಸ ಕಂಡರೆ ಅಲ್ಲಿಯೇ ಅರ್ಜಿ ಬರೆದುಕೊಡಲಿ. ಖರ್ಚು ಒಂದು ರೀಮು ಕಾಗದ, ಕೆಲವು ಪೆನ್ನು. ಮೊದಲ ಭಾನುವಾರ ಮೇಜಿನ ಹಿಂದೆ ಕೂರಲು ನಾನು ಬರುತ್ತೇನೆ. ಸಾಲು ಎಷ್ಟೇ ಉದ್ದವಿದ್ದರೂ ಈ ಸಲ ಪ್ರತಿಯೊಬ್ಬ ತಾಯಿಯನ್ನೂ, "ಪೂರ್ಣ ಹೆಸರೇನಮ್ಮ?" ಎಂದು ಕೇಳುತ್ತೇನೆ, ಇನ್ಶಾ ಅಲ್ಲಾಹ್.